ಕಲ್ಲಿನ ಮೇಲೆ ಇಬ್ಬರು

ನಮ್ಮ ಮನೆಯ ಮಸಾಲೆ ಡಬ್ಬಿಯಲ್ಲಿ ಚಕ್ಕೆ, ಲವಂಗಗಳ ಜೊತೆ ಸುಕ್ಕುಗಟ್ಟಿದ ಬೂದುಬಣ್ಣದ ಚೂರುಗಳಿರುತ್ತವೆ. ಅದೇ ಕಲ್ಲುಹೂವು. ಅದು ಹೂವಲ್ಲ. ಬೆಟ್ಟದ ಕಾಡುಗಳಲ್ಲಿ ಮರದ ತೊಗಟೆಯ ಮೇಲೂ ಬೆಳೆಯುವುದರಿಂದ ಕಲ್ಲಿಗಷ್ಟೇ ಸೇರಿದ್ದೂ ಅಲ್ಲ. ಇಷ್ಟು ವರ್ಷ ಅದನ್ನು ಉಂಡೆನೇ ಹೊರತು ಅದೇನೆಂದು ಕೇಳಿರಲಿಲ್ಲ.

ಒಮ್ಮೆ ತಪಸ್ಸುಕಾಲದಲ್ಲಿ, ಸಸ್ಯಶಾಸ್ತ್ರ ಓದುತ್ತಿದ್ದ ಮಗಳೊಡನೆ ಬಳ್ಳಾರಿಯಿಂದ ಕುರುಗೋಡಿಗೆ ಹೋಗಿದ್ದೆ. ಬಿಸಿಲಿಗೆ ಕಾದ ಬಂಡೆಗಳ ಮೇಲೆ ಬಣ್ಣ ಚೆಲ್ಲಿದಂತೆ ಬೂದು, ಹಳದಿ ಮಚ್ಚೆಗಳಿದ್ದವು. "ಇವೂ ಕಲ್ಲುಹೂವುಗಳೇ" ಎಂದಳು. ಕಲ್ಲಿಗೆ ಅಂಟಿದ ಹೊಪ್ಪಳೆಯಂತಹವು, ಎಲೆಯಂತಹವು, ಪೊದೆ ಅಥವಾ ಗಡ್ಡದಂತೆ ಜೋಲುವಂತಹವು ಎಂದು ಅವುಗಳನ್ನು ಮೊದಲು ಆಕಾರದಿಂದ ಗುರುತಿಸುತ್ತಾರಂತೆ. ಕೊಡಗು, ಕುದುರೆಮುಖಗಳ ಮಂಜಿನ ಕಾಡುಗಳಲ್ಲಿ ಮೂರು ಬಗೆಯವೂ ಕಾಣುತ್ತವೆ. ನಮ್ಮ ಒಣನೆಲದ ಬಂಡೆಗಳಲ್ಲಿ ಹೊಪ್ಪಳೆಯವೇ ಹೆಚ್ಚು. ಆಕಾರ ಸಾಲದಿದ್ದರೆ ಕ್ಷಾರದ ಒಂದು ಹನಿ ಹಾಕಿ, ಬಣ್ಣ ಬದಲಾಗುವುದೇ ಎಂದು ನೋಡಬೇಕು. ಈ ರಾಸಾಯನಿಕ ಪರೀಕ್ಷೆಯನ್ನು 1866ರಲ್ಲಿ ಬಳಕೆಗೆ ತಂದವರು ಫಿನ್ಲೆಂಡಿನ ವಿಲಿಯಂ ನೈಲಾಂಡರ್.

ನಾನು ಚಾಕು ತೆಗೆದು ಒಂದು ಮಚ್ಚೆಯನ್ನು ಕೆರೆಯಲು ಹೊರಟೆ. ಮಗಳು ಕೈ ಹಿಡಿದಳು. ಇಂಥವು ವರ್ಷಕ್ಕೆ ಒಂದು ಮಿಲಿಮೀಟರಿನಷ್ಟೂ ಬೆಳೆಯದಿರಬಹುದು. ಅಂಗೈಯಗಲದ ಮಚ್ಚೆ ನನಗಿಂತ ಹಿರಿಯದಿರಬಹುದು. ಅವಳು ಬಾಟಲಿಯಿಂದ ಸ್ವಲ್ಪ ನೀರು ಸುರಿದಳು. ಸತ್ತಂತಿದ್ದ ಬೂದುಬಣ್ಣದೊಳಗಿಂದ ಮೆಲ್ಲನೆ ಹಸಿರು ಇಣುಕಿತು.

"ಇದು ಒಂದು ಜೀವಿಯಲ್ಲಪ್ಪ. ಹೊರಗೆ ಶಿಲೀಂಧ್ರ, ಒಳಗೆ ಶೈವಲ. ಶೈವಲ ಬಿಸಿಲಿನಿಂದ ಆಹಾರ ಮಾಡುತ್ತದೆ, ಶಿಲೀಂಧ್ರ ಆಸರೆ ಕೊಟ್ಟು ತೇವ ಹಿಡಿದಿಡುತ್ತದೆ."

"ಇಬ್ಬರಲ್ಲಿ ಹೆಚ್ಚು ಲಾಭ ಯಾರಿಗೆ?" ಎಂದು ಕೇಳಿದೆ.

ಶಿಲೀಂಧ್ರವೇ ಹೆಚ್ಚು ಪಡೆಯುತ್ತದೆ, ಶೈವಲ ಅದರ ಸೆರೆಯಾಳು ಎನ್ನುವ ವಿಜ್ಞಾನಿಗಳೂ ಇದ್ದಾರಂತೆ. ಆದರೆ ಈ ಸುಡುವ ಬಂಡೆಯ ಮೇಲೆ ಅವೆರಡೂ ಬೇರೆ ಬೇರೆಯಾಗಿ ಹೀಗೆ ಬಾಳಲಾರವು ಎಂದಳು. ಇದು ಇಬ್ಬರ ಬಾಳು ಎಂದು 1867ರಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಸಾರಿದಾಗ ಅನೇಕರು ನಂಬಲಿಲ್ಲ. ಒಪ್ಪದವರಲ್ಲಿ ನೈಲಾಂಡರರೂ ಒಬ್ಬರು. ಅಷ್ಟು ಕಲ್ಲುಹೂವುಗಳನ್ನು ಗುರುತಿಸಿದ ಅವರು ಕೊನೆಗಾಲದಲ್ಲಿ ಸಹೋದ್ಯೋಗಿಗಳಿಂದ ದೂರವಾಗಿ, ಪ್ಯಾರಿಸ್ಸಿನಲ್ಲಿ ಒಂಟಿಯಾಗಿ ಬದುಕಿ 1899ರಲ್ಲಿ ತೀರಿಕೊಂಡರು.

ನಾನು ಮಾತಾಡಲಿಲ್ಲ. "ಹೆಚ್ಚು ಯಾರಿಗೆ?" ಎಂಬುದು ನನ್ನ ಹಳೆಯ ಪ್ರಶ್ನೆ. ತಂದೆಯವರು ತೀರಿಕೊಂಡ ಮೇಲೆ ಸಿರುಗುಪ್ಪದ ಭತ್ತದ ಗದ್ದೆ ಪಾಲಾದಾಗ, ಕಾಲುವೆಯ ಮಗ್ಗುಲಿನ ತುಂಡು ತಮ್ಮನಿಗೆ ಹೋಯಿತು. ಆರು ವರ್ಷ ನಾನು ಆ ಲೆಕ್ಕವನ್ನೇ ಮಾಡುತ್ತಿದ್ದೆ. ಪ್ರತಿ ತಪಸ್ಸುಕಾಲದಲ್ಲಿ ಉಪವಾಸ ಮಾಡಿದೆ, ಶಿಲುಬೆಹಾದಿಯಲ್ಲಿ ಮೊಣಕಾಲೂರಿದೆ. ಆದರೆ ಕಾಣಿಕೆಗಿಂತ ಮೊದಲು ಸೋದರನನ್ನು ನೆನೆಯಬೇಕೆಂಬ ಪ್ರಭುವಿನ ಬೋಧನೆ ಬಂದಾಗಲೆಲ್ಲ, ಅದು ತಮ್ಮನಿಗೆ ಹೇಳಿದ್ದೆಂದುಕೊಂಡೆ.

ಚಾಕು ಮಡಚಿ ಜೇಬಿಗೆ ಹಾಕಿಕೊಂಡೆ. ಅಂದು ನಾವು ಬಳ್ಳಾರಿಗೆ ಹಿಂದಿರುಗದೆ ಸಿರುಗುಪ್ಪದ ದಾರಿ ಹಿಡಿದೆವು. ತಮ್ಮ ಬಾಗಿಲು ತೆರೆದವನು ಏನೂ ಹೇಳದೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅವನ ಹೆಂಡತಿ ನೀರು ತಂದಿಟ್ಟಳು.

ಗದ್ದೆಯ ಮಾತು ಅಂದು ಬರಲಿಲ್ಲ. ಅದಿನ್ನೂ ಪೂರ್ತಿ ಇತ್ಯರ್ಥವಾಗಿಲ್ಲ. ಆದರೆ ಆ ವರ್ಷದ ಪಾಸ್ಖ ಹಬ್ಬದ ಬಲಿಪೂಜೆಗೆ ತಮ್ಮನ ಮನೆಯವರು ಬಳ್ಳಾರಿಗೆ ಬಂದರು. ಒಂದೇ ಬೆಂಚಿನಲ್ಲಿ ಕುಳಿತೆವು. ವರ್ಷಕ್ಕೆ ಒಂದು ಮಿಲಿಮೀಟರಾದರೂ ಸರಿಯೇ, ಬೆಳೆಯುವ ಕೃಪೆಯನ್ನು ಪ್ರಭು ನಮಗೆ ನೀಡಲಿ.