ಹೆಗಲೂ ಹೊಳೆಯೂ

ಒಮ್ಮೆ ಕಲಿತ ಈಜು ಮರೆತುಹೋಗುವುದಿಲ್ಲವೆಂದು ತಿಳಿದವರು ಹೇಳುವರು. ಮಾತು ನಿಜವೇ ಸರಿ. ಆದರೆ ಮರೆಯದೆ ಉಳಿಯುವುದು ದೇಹದ ಯಾವ ಭಾಗದಲ್ಲಿ ಎಂಬುದನ್ನು ಅವರು ಹೇಳುವುದಿಲ್ಲ. 2024ನೆಯ ಇಸವಿಯ ಆಷಾಢದಲ್ಲಿ ಅಂಗಳದ ಪಾಚಿಯ ಮೇಲೆ ಜಾರಿ, ಬಲಗೈಯೂರಿ ಬಿದ್ದಮೇಲೆ, ಇದನ್ನು ವಿಚಾರಮಾಡಲು ನನಗೆ ಆರು ತಿಂಗಳ ಬಿಡುವು ದೊರೆಯಿತು.

ಪಾಠಶಾಲೆಯ ದಿನಗಳಲ್ಲಿ ಸುಶ್ರುತಸಂಹಿತೆಯ ಶಾರೀರಸ್ಥಾನವನ್ನು ಅಷ್ಟಿಷ್ಟು ನೋಡಿದ್ದೆನು. ಅಲ್ಲಿ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಕಂಕುಳಿನ ಸಂಧಿಯನ್ನು ಉಲೂಖಲವೆಂದು, ಎಂದರೆ ಒರಳೆಂದು, ಕರೆದಿದೆ. ತೊಡೆಯ ಬುಡದ ಸಂಧಿಗೂ ಅದೇ ಹೆಸರು. ತೊಡೆಗೆ ಈ ಹೋಲಿಕೆ ಪೂರ್ಣವಾಗಿ ಸಲ್ಲುವುದು. ಅಲ್ಲಿಯ ಗುಳಿ ಆಳವಾದುದು. ಹೆಗಲಿನದಾದರೋ ಒರಳಿಗಿಂತ ತಟ್ಟೆಗೆ ಹತ್ತಿರ. ತೋಳೆಲುಬಿನ ದಪ್ಪ ತಲೆ ಆ ಸಣ್ಣ ತಟ್ಟೆಗೆ ಆತುಕೊಂಡಿರುವುದು. ಕೈ ಸುತ್ತಲೂ ತಿರುಗುವುದು ಇದರಿಂದಲೇ. ಬೇಗ ಕೆಡುವುದೂ ಇದರಿಂದಲೇ. ತಲೆಯನ್ನು ತಟ್ಟೆ ಬಿಡದಂತೆ ಹಿಡಿದಿರುವ ಸ್ನಾಯುಗಳು ನಾಲ್ಕು. ಅವುಗಳಲ್ಲಿ ಮೇಲಿನದರ ರಜ್ಜು ನನ್ನ ಎಲುಬಿನಿಂದ ಕಿತ್ತುಬಂದಿತ್ತು.

ಆಗುಂಬೆಯ ಘಟ್ಟವನ್ನಿಳಿದು ಹೋಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆನು. ಸಣ್ಣ ರಂಧ್ರಗಳಿಂದ ಕ್ಯಾಮೆರಾವನ್ನೂ ಉಪಕರಣಗಳನ್ನೂ ಒಳಕ್ಕೆ ತೂರಿಸಿ, ಎಲುಬಿನಲ್ಲಿ ಚಿಕ್ಕ ಆಣಿಗಳನ್ನು ನೆಟ್ಟು, ಅವುಗಳ ದಾರದಿಂದ ರಜ್ಜುವನ್ನು ಬಿಗಿದು ಹೊಲಿದರು. ದಾರ ಹಿಡಿದಿರುವುದು ತತ್ಕಾಲಕ್ಕೆ ಮಾತ್ರ. ರಜ್ಜು ತಾನಾಗಿ ಎಲುಬಿಗೆ ಬೆಸೆಯಬೇಕು, ಅದಕ್ಕೆ ತಿಂಗಳುಗಳು ಬೇಕು ಎಂದು ವೈದ್ಯರು ತಿಳಿಸಿದರು. ಆರು ವಾರ ಕೈ ಜೋಳಿಗೆಯಲ್ಲಿತ್ತು. ಊಟಕ್ಕೆ ಚಮಚ, ಅದೂ ಎಡಗೈಯಲ್ಲಿ.

ಆಮೇಲೆ ವ್ಯಾಯಾಮ. ಮುಂದಕ್ಕೆ ಬಾಗಿ ಕೈಯನ್ನು ಗಡಿಯಾರದ ಲೋಲಕದಂತೆ ತೂಗಾಡಿಸುವುದು. ತೊಲೆಗೆ ಕಟ್ಟಿದ ರಾಟೆಯ ಹಗ್ಗ ಹಿಡಿದು, ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ಮೇಲೆಳೆಯುವುದು. ಬೆರಳುಗಳಿಂದ ಗೋಡೆಯನ್ನು ಹತ್ತುವುದು. ಗೋಡೆಯಲ್ಲಿ ಬೆರಳು ಮುಟ್ಟಿದೆಡೆಗೆ ಸೀಮೆಸುಣ್ಣದ ಗೆರೆಯೆಳೆದು ತಾರೀಖು ಬರೆಯುತ್ತಿದ್ದೆನು, ಮೇಷ್ಟರ ಅಭ್ಯಾಸ. ಭಾದ್ರಪದದಲ್ಲಿ ಮೂರು ವಾರ ಗೆರೆ ಒಂದಂಗುಲವೂ ಏರಲಿಲ್ಲ. ಒಂದೇ ಗೆರೆಯ ಮೇಲೆ ತಾರೀಖುಗಳು ಸಾಲುಗಟ್ಟಿದವು. ನೋವನ್ನು ಸಹಿಸಬಹುದು, ಆ ಸಾಲನ್ನು ನೋಡುವುದು ಕಷ್ಟವಾಯಿತು.

ನಮ್ಮ ಹಳ್ಳಿ ತೀರ್ಥಹಳ್ಳಿಯಿಂದ ಮೇಲಕ್ಕೆ ತುಂಗೆಯ ಬಲದಂಡೆಯಲ್ಲಿದೆ. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಇಲ್ಲಿಯ ಮಡುವಿನಲ್ಲಿ ಈಜು ಕಲಿತವನು ನಾನು. ಎಷ್ಟೋ ಹುಡುಗರಿಗೆ ಕಲಿಸಿದವನು. ಈಜುವವರ ಬಟ್ಟೆಗಳನ್ನು ಕಾಯುತ್ತ ದಂಡೆಯ ಮೇಲೆ ಕೂಡುವ ಮುದುಕರು ಆಗಲೂ ಇದ್ದರು, ಈಗಲೂ ಇರುವರು. ಅವರಲ್ಲಿ ಒಬ್ಬನಾಗುವೆನೋ ಎಂಬುದೇ ಆ ಮಳೆಗಾಲವೆಲ್ಲ ನನ್ನ ಚಿಂತೆ. ಮನೆಯಾಕೆಯ ಚಿಂತೆ ಬೇರೆ. “ಈ ವರ್ಷವೊಂದು ಬಿಡಿ. ಹೊಳೆ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದಳು. ಓಡಿಹೋಗುವುದೇ ಹೊಳೆಯ ಕಸುಬೆಂದು ನಾನು ಉತ್ತರಿಸಲಿಲ್ಲ. ಆರು ವಾರ ನನಗೆ ಅಂಗಿ ತೊಡಿಸಿದವಳು ಆಕೆ.

ಕಾರ್ತಿಕದಲ್ಲಿಯೇ ಕಪ್ಪೆಯೀಜಿಗೆ ವೈದ್ಯರ ಅಪ್ಪಣೆ ದೊರೆತಿತ್ತು. ಹೊಳೆಯ ಅಪ್ಪಣೆ ದೊರೆತಿರಲಿಲ್ಲ. ಮಳೆಗಾಲದಲ್ಲಿ ತೀರ್ಥಹಳ್ಳಿಯ ರಾಮಮಂಟಪವನ್ನೇ ಮುಳುಗಿಸುವ ತುಂಗೆ ತಿಳಿಯಾಗಿ ಇಳಿಯಬೇಕಷ್ಟೆ. ಎಳ್ಳಮಾವಾಸ್ಯೆಯ ಜಾತ್ರೆ ಮುಗಿದು, 2025ರ ಜನವರಿಯಲ್ಲಿ, ಬಿಸಿಲೇರಿದ ಮೇಲೆ ಮಡುವಿಗೆ ಇಳಿದೆನು. ಆಕೆಯೂ ಬಂದು ಬಂಡೆಯ ಮೇಲೆ ಕುಳಿತಳು. ಅಷ್ಟು ಹೊತ್ತಿಗೆ ವೈದ್ಯರ ಲೆಕ್ಕದಲ್ಲಿ ರಜ್ಜು ಕೂಡಿತ್ತು. ಆದರೂ ಬಾಗಿಲಿನ ಮೇಲಗುಳಿ ತೆಗೆಯುವಾಗ ಎಡಗೈಯೇ ಮುಂದಾಗುತ್ತಿತ್ತು. ಕಂಠಮಟ್ಟದ ನೀರಿನಲ್ಲಿ ನಿಂತವನ ಕಾಲಿಗೆ ದೇಹದ ಭಾರದಲ್ಲಿ ಹತ್ತನೆಯ ಒಂದು ಪಾಲು ಮಾತ್ರ ತಗಲುವುದಂತೆ. ಕೈಗೂ ಹಾಗೆಯೇ ಆಯಿತು. ಗೋಡೆಯ ಮೇಲೆ ನಡುಗುತ್ತ ಏರುತ್ತಿದ್ದ ತೋಳು ನೀರಿನಲ್ಲಿ ತಾನಾಗಿ ತೇಲಿ ಭುಜದ ಮಟ್ಟಕ್ಕೆ ಬಂದು ನಿಂತಿತು. ಅದನ್ನು ನೋಡುತ್ತ ಬಹಳ ಹೊತ್ತು ನಿಂತಿದ್ದೆನು. ಚಳಿಗೆ ಹಲ್ಲು ಕಟಕಟಿಸಿತು.

ಹತ್ತು ದಿನ ಕಪ್ಪೆಯೀಜು ಮಾತ್ರ. ಕಾಲುಗಳು ಏನನ್ನೂ ಮರೆತಿರಲಿಲ್ಲ. ಉಸಿರು ಅರ್ಧ ಮರೆತಿತ್ತು. ಹನ್ನೊಂದನೆಯ ದಿನ ಕೈಯನ್ನು ನೀರಿನಿಂದ ಹೊರತೆಗೆದು ತಲೆಯ ಮುಂದಕ್ಕೆ ಬೀಸಿದೆನು. ಹೆಗಲಿನಲ್ಲಿ ಏನೋ ಚಿಟಕ್ಕೆಂದಿತು, ನೋವಾಗಲಿಲ್ಲ. ಏಳು ಬೀಸು ಆದಮೇಲೆ ಮಗುಚಿ ಬೆನ್ನ ಮೇಲೆ ತೇಲಿದೆನು. “ಏಳು” ಎಂದು ಬಂಡೆಯ ಮೇಲಿಂದ ಧ್ವನಿ ಬಂದಿತು. ಆಕೆ ಎಣಿಸುತ್ತಿರುವಳೆಂದು ಆವರೆಗೆ ನನಗೆ ತಿಳಿದಿರಲಿಲ್ಲ.

ಮಾಘದಲ್ಲಿ ಮಡುವನ್ನು ದಾಟಿದೆನು. ಬಲಗೈಯ ಎಳೆತ ಇಂದಿಗೂ ಎಡಗೈಗಿಂತ ಕಡಮೆ. ಆದುದರಿಂದ ದೇಹ ಬಲಕ್ಕೆ ತಿರುಗುವುದು. ನಮ್ಮ ದಂಡೆಯಿಂದ ಹೊರಟಾಗ ಪ್ರವಾಹವೂ ಬಲಕ್ಕೇ ಸೆಳೆಯುವುದರಿಂದ, ಮೊದಲಿನ ಮೆಟ್ಟಿಲನ್ನು ಬಿಟ್ಟು ಇಪ್ಪತ್ತು ಮಾರು ಮೇಲಿರುವ ನೇರಳೆಮರದ ಬುಡದಲ್ಲಿ ನೀರಿಗಿಳಿಯುತ್ತೇನೆ. ಹಿಂತಿರುಗುವಾಗ ಪ್ರವಾಹ ಎಡಕ್ಕೆ, ಹೆಗಲು ಬಲಕ್ಕೆ. ಎರಡೂ ಸರಿತೂಗಿ ನೇರವಾಗಿ ಬಂಡೆಯ ಬಳಿಗೆ ಬಂದು ಸೇರುತ್ತೇನೆ.