ಕೇಳಿಸದ ತಂಬೂರಿ

“ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು” ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕಣ್ಣಿಗೆ ಹೇಳಿದ ಈ ಮಾತು ಕಿವಿಗೂ ಸಲ್ಲುವುದೆಂದು ನಾನು ಅರಿತದ್ದು 68ನೆಯ ವಯಸ್ಸಿನಲ್ಲಿ. ಅದೂ ಒಂದು ಮಗುವಿನ ಕಣ್ಣೀರಿನಿಂದ.

ನಾನು ಮೈಸೂರಿನಲ್ಲಿ ಬಹುಕಾಲದಿಂದ ಹೆಣ್ಣುಮಕ್ಕಳಿಗೆ ಸಂಗೀತಪಾಠ ಹೇಳಿಕೊಂಡು ಬಂದವಳು. ನನ್ನ ಮಗಳ ಸಂಸಾರವು ಅಮೆರಿಕೆಯ ಸಿಯಾಟಲ್ ಪಟ್ಟಣದಲ್ಲಿರುವುದು. 9 ವರ್ಷದ ಮೊಮ್ಮಗಳಿಗೆ ನಾನೇ ಹಾಡನ್ನು ಕಲಿಸಬೇಕೆಂಬುದು ನನ್ನ ಬಹುದಿನದ ಆಸೆ. ಕಂಪ್ಯೂಟರಿನ ಮೂಲಕ ಮುಖ ನೋಡಿ ಮಾತನಾಡುವ ಏರ್ಪಾಡು ಮನೆಮನೆಗೂ ಬಂದ ಮೇಲೆ ಆ ಆಸೆಯು ಕೈಗೂಡಿತು. ನಮ್ಮ ಬೆಳಗಿನ 7 ಘಂಟೆಯೆಂದರೆ ಅವರಿಗೆ ಹಿಂದಿನ ದಿನದ ಸಂಜೆ. ವಾರಕ್ಕೆರಡು ದಿನ, ಮಾಯಾಮಾಳವಗೌಳದ ಸರಳೆ ವರಸೆಗಳಿಂದ ಪಾಠವು ಮೊದಲಾಯಿತು.

ಒಂದೆರಡು ತಿಂಗಳಲ್ಲಿಯೇ ನನಗೆ ಎರಡು ದೋಷಗಳು ಕಂಡುಬಂದುವು. ನಾನು ಕೈಯಲ್ಲಿ ತಾಳ ಹಾಕುತ್ತಿದ್ದರೆ ಅವಳು ಪ್ರತಿಸಲವೂ ಹಿಂದೆ ಬೀಳುತ್ತಿದ್ದಳು. ತಂಬೂರಿಯ ನಾದವಂತೂ ಎರಡು ಕ್ಷಣ ಕೇಳಿ ಅಡಗಿಹೋಗುತ್ತಿತ್ತು. “ಶ್ರುತಿಯನ್ನೇಕೆ ನಿಲ್ಲಿಸಿದೆ?” ಎಂದರೆ, “ನಿಲ್ಲಿಸಿಲ್ಲ ಅಜ್ಜಿ, ಇಲ್ಲಿ ಕೇಳುತ್ತಿದೆ” ಎನ್ನುವಳು. ಒಂದು ದಿನ ನನಗೆ ಸಿಟ್ಟು ಬಂದಿತು. “ಸುಳ್ಳು ಹೇಳುವವರಿಗೆ ಸರಸ್ವತಿ ಒಲಿಯುವುದಿಲ್ಲ” ಎಂದುಬಿಟ್ಟೆನು. ಅವಳು ಅಳುತ್ತ ಎದ್ದುಹೋದಳು. ಮುಂದಿನ ಮೂರು ಪಾಠಗಳಿಗೆ ಬರಲೇ ಇಲ್ಲ.

ಅಷ್ಟರಲ್ಲಿ, ಅವಳು ಒಬ್ಬಳೇ ಕುಳಿತು ಹಾಡಿಕೊಳ್ಳುತ್ತಿದ್ದುದನ್ನು ಅಳಿಯಂದಿರು ಫೋನಿನಲ್ಲಿ ಮುದ್ರಿಸಿ ಕಳುಹಿಸಿದರು. ಕೇಳುತ್ತೇನೆ, ತಂಬೂರಿಯು ಮೊದಲಿನಿಂದ ಕೊನೆಯವರೆಗೂ ತುಂಬುನಾದದಿಂದ ಮೊರೆಯುತ್ತಿದೆ. ತಾಳವು ಕೂದಲೆಳೆಯಷ್ಟೂ ತಪ್ಪಿಲ್ಲ. ನನ್ನ ಎದೆ ಧಸಕ್ಕೆಂದಿತು.

ನೆರೆಮನೆಯ ಇಂಜಿನಿಯರಿಂಗ್ ಓದುವ ಹುಡುಗನು ಇದರ ಮರ್ಮವನ್ನು ಬಿಡಿಸಿ ಹೇಳಿದನು. ಈ ಏರ್ಪಾಡುಗಳೆಲ್ಲ ಮುಖ್ಯವಾಗಿ ಮಾತಿಗಾಗಿ ಹುಟ್ಟಿದುವು. ಮಾತಾದರೋ ಏರಿಳಿಯುವುದು, ಫ್ಯಾನಿನ ಸದ್ದು ಒಂದೇ ಸಮನೆ ಇರುವುದು. ಆದುದರಿಂದ ಎಡೆಬಿಡದೆ ಬರುವ ಧ್ವನಿಯನ್ನು ಗದ್ದಲವೆಂದೆಣಿಸಿ ಯಂತ್ರವು ಸೋಸಿಬಿಡುವುದು. ಪಾಪ, ಅದಕ್ಕೆ ಫ್ಯಾನೂ ಒಂದೇ, ತಂಬೂರಿಯೂ ಒಂದೇ! ಇಬ್ಬರು ಒಟ್ಟಿಗೆ ಹಾಡಿದರೆ, ಪ್ರತಿಧ್ವನಿಯನ್ನು ತಡೆಯುವ ಯತ್ನದಲ್ಲಿ ಒಬ್ಬರ ಕಂಠವನ್ನು ಅದುಮುವುದೂ ಉಂಟು.

ಇನ್ನು ತಾಳದ ವಿಷಯ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುವುದು. ಮೈಸೂರಿನಿಂದ ಸಿಯಾಟಲ್ ನೇರವಾಗಿ ಅಳೆದರೂ ಸುಮಾರು 13,000 ಕಿಲೋಮೀಟರು. ನನ್ನ ತಾಳ ಅಲ್ಲಿಗೆ ಹೋಗಿ ಅವಳ ಸ್ವರ ಇಲ್ಲಿಗೆ ಬರುವಷ್ಟರಲ್ಲಿ, ದಾರಿಯಲ್ಲಿಯೇ ಸೆಕೆಂಡಿನ ಎಂಟನೆಯ ಒಂದು ಪಾಲು ಕಳೆದಿರುವುದು. ತಂತುಗಳ ಸುತ್ತುದಾರಿಯೂ, ಯಂತ್ರಗಳು ಧ್ವನಿಯನ್ನು ಕಟ್ಟಿ ಬಿಚ್ಚುವ ಹೊತ್ತೂ ಸೇರಿದರೆ ಅದು ಕಾಲು ಸೆಕೆಂಡನ್ನು ಮೀರಲೂಬಹುದು. ಸೆಕೆಂಡಿಗೊಂದು ಕ್ರಿಯೆಯಂತೆ ತಾಳ ಹಾಕಿದರೆ, ಮೂರನೆಯ ಕಾಲದಲ್ಲಿ ಒಂದು ಸ್ವರಕ್ಕೆ ದೊರೆಯುವುದೂ ಕಾಲು ಸೆಕೆಂಡೇ. ಎಂದರೆ, ಅವಳು ಸರಿಯಾಗಿ ಹಾಡಿದರೂ ನನ್ನ ಕಿವಿಗೆ ಒಂದು ಸ್ವರ ಹಿಂದೆಯೇ! ನಾನು ಬೈದದ್ದು ಭೂಮಿಯ ದೂರವನ್ನು.

ಈಗ ನಮ್ಮ ಕ್ರಮವನ್ನು ಬದಲಿಸಿಕೊಂಡಿದ್ದೇವೆ. ಎರಡು ಮನೆಗಳಲ್ಲಿಯೂ ತಂತಿಯ ಹೆಡ್‌ಫೋನನ್ನು ಧರಿಸುವೆವು. ಸ್ಪೀಕರಿನ ಧ್ವನಿಯು ಮೈಕಿಗೆ ಮರಳದೆ ಪ್ರತಿಧ್ವನಿಯ ಕಾಟ ತಪ್ಪುವುದು. ತಂತಿಯಿಲ್ಲದ ಬ್ಲೂಟೂತ್ ಸಾಧನವು ಇನ್ನಷ್ಟು ತಡಮಾಡುವುದು. ಅದರ ಮೈಕನ್ನು ಬಳಸಿದರೆ ಕೇಳುವ ಧ್ವನಿಯ ಗುಣವೂ ಸಾಮಾನ್ಯವಾಗಿ ಇಳಿಯುವುದು. ವೈಫೈಗೆ ಬದಲು ಕೇಬಲ್ಲನ್ನು ಜೋಡಿಸಿದರೆ ಸ್ವರವು ನಡುನಡುವೆ ಕಡಿಯುವುದು ಕಡಿಮೆ. ಝೂಮಿನಲ್ಲಿ ಸಂಗೀತಗಾರರಿಗೆಂದೇ ಮೂಲಧ್ವನಿಯ ಆಯ್ಕೆಯೊಂದಿದೆ. ಟೀಮ್ಸಿನಲ್ಲಿಯೂ ಸಂಗೀತಕ್ಕೆ ಅಂತಹುದೇ ಒಂದಿದೆ. ಅದನ್ನು ಹಾಡುವವರ ಕಡೆಯಲ್ಲಿ ಆರಿಸಿಕೊಳ್ಳಬೇಕು. ನಾನು ಮೊದಲು ನನ್ನ ಕಡೆ ಮಾತ್ರ ಬದಲಿಸಿ, ಅವಳ ತಂಬೂರಿ ಏಕೆ ಕೇಳದೆಂದು ಪೇಚಾಡಿದೆನು.

ದೂರಕ್ಕೆ ಮಾತ್ರ ಮದ್ದಿಲ್ಲ. ಆದುದರಿಂದ ನಾವು ಒಟ್ಟಿಗೆ ಹಾಡುವುದಿಲ್ಲ. ನಾನು ಒಂದು ಆವರ್ತ ಹಾಡಿ ನಿಲ್ಲಿಸುವೆನು. ಅವಳು ತಾನೇ ತಾಳ ಹಾಕಿಕೊಂಡು ಅದನ್ನು ಹಾಡುವಳು. ಆಗ ನನ್ನ ಕೈ ಮಡಿಲಲ್ಲಿ ಸುಮ್ಮನಿರಬೇಕು. ನನಗೆ ಇದನ್ನು ಕಲಿಯುವುದೇ ಕಷ್ಟವಾಯಿತು.

ಅದಕ್ಕೂ ಕಷ್ಟವಾದದ್ದು ಕ್ಷಮೆ ಕೇಳುವುದು. “ಮಗು, ನೀನು ನಿಜವನ್ನೇ ಹೇಳಿದ್ದೆ, ತಪ್ಪು ನನ್ನದು” ಎಂದೆನು. ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ ತಂಬೂರಿಯನ್ನು ಹಚ್ಚಿ, “ಈಗ ಕೇಳುತ್ತದೆಯೇ, ಅಜ್ಜಿ?” ಎಂದಳು. ಕೇಳುತ್ತಿತ್ತು.

ದೂರದ ಮಕ್ಕಳಿಗೆ ಪಾಠ ಹೇಳುವ ಸೋದರಿಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಮೊದಲು ಯಂತ್ರವನ್ನು ಪರೀಕ್ಷಿಸಿರಿ, ಮಗುವನ್ನು ಆಮೇಲೆ ಪರೀಕ್ಷಿಸಬಹುದು.