ಮೇಜಿಗೆ ಬಣ್ಣ

ಅಗ್ಗದ ಮರದ ಸಾಮಾನಿಗೆ ನಾವೇ ಬಣ್ಣ ಬಳಿದುಕೊಳ್ಳುವುದು ಲಾಭವೋ ನಷ್ಟವೋ ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಅರ್ಥಶಾಸ್ತ್ರದ ಅಧ್ಯಾಪಕರು. ನಾನು ಕನ್ನಡ ಹೇಳುವವನು. ಲೆಕ್ಕಕ್ಕೂ ನನಗೂ ದೂರದ ನಂಟು. ಆದರೂ ಕಳೆದ ಬೇಸಗೆಯ ರಜದಲ್ಲಿ, ಕಾಮಗೆರೆಯ ನಮ್ಮ ಮನೆಯ ಜಗಲಿಯ ಮೇಲೆ, ಐದು ದಿವಸ ಈ ಪ್ರಶ್ನೆಯೊಡನೆ ಗುದ್ದಾಡಿದವನಾದ್ದರಿಂದ ನಾಲ್ಕು ಮಾತು ಆಡುವ ಅಧಿಕಾರ ನನಗುಂಟೆಂದು ಭಾವಿಸಿದ್ದೇನೆ.

ಮೂಲ ಕಾರಣ ನನ್ನ ಮಗಳು. ಎರಡನೆಯ ಪಿ.ಯು.ಸಿ.ಗೆ ಬಂದ ಮೇಲೆ ತನಗೊಂದು ಸ್ವಂತ ಮೇಜು ಬೇಕೆಂದಳು. ಮೈಸೂರಿನ ಅಂಗಡಿಯೊಂದರಲ್ಲಿ ವಿಚಾರಿಸಿದೆವು. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಅದುಮಿದ ಹಲಗೆ; ಅದರ ಮೇಲೆ ತೇಗದ ಚಿತ್ರವಿರುವ ಕಾಗದ; ಬೆಲೆ ಐದು ಸಾವಿರದ ಇನ್ನೂರು. ನೀರು ಬಿದ್ದರೆ ಉಬ್ಬುತ್ತದೆಂದು ಅಂಗಡಿಯ ಹುಡುಗ ಪ್ರಾಮಾಣಿಕವಾಗಿಯೇ ಹೇಳಿದ. ಆಗ ನನಗೆ ಊರಿನ ಮನೆಯ ನಡುಮನೆಯಲ್ಲಿ ಬೆಲ್ಲದ ಡಬ್ಬ ಹೊತ್ತು ನಿಂತಿದ್ದ ಮೇಜು ನೆನಪಾಯಿತು.

ಅದು ಮಾವಿನ ಹಲಗೆಯ ಮೇಜು. ಬೆಲೆಬಾಳುವ ಸಾಮಾನೇನೂ ಅಲ್ಲ. ತೇಗ, ಹೊನ್ನೆಗಳ ಮುಂದೆ ಮಾವು ಬಡವರ ಮರ. ರೇಷ್ಮೆ ಗೂಡಿನ ವ್ಯಾಪಾರದ ಲೆಕ್ಕ ಬರೆಯಲೆಂದು ನಮ್ಮ ತಾತ ಅದನ್ನು ಕೊಳ್ಳೇಗಾಲದ ಆಚಾರಿಯೊಬ್ಬರಿಂದ ಮಾಡಿಸಿದ್ದು. ಆಗ ನಮ್ಮ ಸೀಮೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1956ರ ನವೆಂಬರ್ 1ರಂದು ಮೇಜು ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಕರ್ನಾಟಕದ್ದಾಯಿತು, 1997ರಲ್ಲಿ ಮೈಸೂರು ಜಿಲ್ಲೆಯನ್ನು ಬಿಟ್ಟು ಚಾಮರಾಜನಗರ ಜಿಲ್ಲೆಗೆ ಸೇರಿತು. ಇಷ್ಟೆಲ್ಲ ಆದರೂ ಅದು ನಮ್ಮ ನಡುಮನೆಯಿಂದ ಒಂದು ಗೇಣೂ ಅಲುಗಿದ್ದಿಲ್ಲ. ತಾತನ ತರುವಾಯ ನಮ್ಮ ತಂದೆ ಅದರ ಮೇಲೆ ಶಾಲೆಯ ಮಕ್ಕಳ ಉತ್ತರಪತ್ರಿಕೆ ತಿದ್ದಿದರು. ಅವರ ತರುವಾಯ ನಾನು ಹಳಗನ್ನಡ ಉರು ಹೊಡೆದೆ. ಈಗ ಬೆಲ್ಲದ ಡಬ್ಬ. ಅವ್ವನನ್ನು ಕೇಳಿದೆ. “ಎತ್ಕಂಡೋಗು ಮಗ, ಡಬ್ಬ ಮಡಗಾಕೆ ಬ್ಯಾರೆ ಏನಾರ ನೋಡ್ಕತೀನಿ” ಎಂದಳು.

ಬಣ್ಣ ಅಲ್ಲಲ್ಲಿ ಎದ್ದಿತ್ತು. ಒಂದು ಕಾಲಿನಲ್ಲಿ ಕುಟ್ಟೆ ಹುಳು ಕೊರೆದ ಸಣ್ಣ ತೂತುಗಳಿದ್ದವು. ನಮ್ಮ ಬೀದಿಯಲ್ಲೇ ಒಬ್ಬ ಪೇಂಟರು ಇದ್ದಾರೆ. ನನಗೆ ತಿಳಿವು ಬಂದಾಗಿನಿಂದಲೂ ನಾವು ಅವರನ್ನು ಪೇಂಟ್ರಣ್ಣ ಎಂದೇ ಕರೆಯುವುದು. ಒಂದು ಕಾಲಕ್ಕೆ ಸುತ್ತಿನ ಊರುಗಳ ಅಂಗಡಿ ಹಲಗೆಗಳ ಅಕ್ಷರವೆಲ್ಲ ಅವರ ಕೈಯದೇ. ನಾನು ‘ಳ’ಕಾರವನ್ನು ಅಂದವಾಗಿ ಬರೆಯಲು ಕಲಿತದ್ದು ಅವರ ಹಲಗೆಗಳನ್ನು ನೋಡಿ. ಫ್ಲೆಕ್ಸ್ ಬಂದ ಮೇಲೆ ಅಕ್ಷರದ ಕೆಲಸ ಹೋಯಿತು; ಬಾಗಿಲು, ಕಿಟಕಿ, ಮಂಚಗಳು ಉಳಿದವು. ಮೇಜನ್ನು ಒಂದು ಸುತ್ತು ಬಂದು, “ಸಾಮಾನು ನಿಮ್ದು, ಕೂಲಿ ಎರಡು ಸಾವಿರ” ಎಂದರು. ಇಷ್ಟು ಸಣ್ಣ ಮೇಜಿಗೆ ಎರಡು ಸಾವಿರವೇ! ಯೋಚಿಸಿ ಹೇಳುತ್ತೇನೆಂದು ಕಳುಹಿಸಿ, ಮರುದಿನ ಕೊಳ್ಳೇಗಾಲದ ಬಸ್ಸು ಹತ್ತಿ ಬಣ್ಣ, ಕುಂಚ, ಉಪ್ಪುಕಾಗದ ಎಲ್ಲವನ್ನೂ ತಂದೆ. ವಿದ್ಯಾವಂತನಿಗೆ ಬಾರದ ಕೆಲಸ ಯಾವುದು?

ಉಜ್ಜುವ ಕೆಲಸದಲ್ಲಿ ಒಂದು ಸುಖವಿದೆಯೆಂದು ಒಪ್ಪಲೇಬೇಕು. ಮೇಲಿನ ಕಂದು ಬಣ್ಣ ಹೋದರೆ ಒಳಗೆ ನೀಲಿ. ನೀಲಿ ನಮ್ಮ ಅಪ್ಪನ ಕಾಲದ್ದು. ನೀಲಿಯ ಕೆಳಗೆ ದಟ್ಟ ಹಸಿರು. ಅದರ ಕೆಳಗೆ, ತಾತನ ಕಾಲದ್ದಿರಬೇಕು, ಅರಿಸಿನದಂಥ ಹಳದಿ. ಹಳೆಯ ಓಲೆಯ ಪಾಠಾಂತರಗಳನ್ನು ಬಿಡಿಸುವ ಪಂಡಿತನ ಉತ್ಸಾಹ ನನಗೆ ಬಂತು. ಎರಡು ದಿವಸ ಉಜ್ಜಿಯೇ ಉಜ್ಜಿದೆ. ಜಗಲಿಯ ಮೇಲೆ ಧೂಳು ಹಿಟ್ಟಿನಂತೆ ಹರಡಿತು. ನನ್ನ ತಮ್ಮನ ಒಂದೂವರೆ ವರ್ಷದ ಮಗ ಅದರಲ್ಲೇ ಅಂಬೆಗಾಲಿಟ್ಟು, ಬಣ್ಣಬಣ್ಣದ ಅಂಗೈಯನ್ನು ನನಗೆ ತೋರಿಸಿ, ಬಾಯಿಗಿಟ್ಟುಕೊಂಡು ನಗುತ್ತಿದ್ದ. ನಾನೂ ನಗುತ್ತಿದ್ದೆ.

ಎರಡನೆಯ ದಿನದ ಸಂಜೆ ಪೇಂಟ್ರಣ್ಣ ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ನಾಚಿಕೆಯಿಂದ ನಾನು ಏನೋ ಸಬೂಬು ಹೇಳಹೊರಟೆ. ಅವರು ಅದನ್ನು ಕೇಳಿಸಿಕೊಳ್ಳಲಿಲ್ಲ. “ಮೇಷ್ಟ್ರೇ, ಮೊದ್ಲು ಆ ಕೂಸ ಎತ್ಗಳಿ. ಹಳೇ ಬಣ್ಣದ ಧೂಳು ಒಳ್ಳೇದಲ್ಲ ಕನ. ಒಣದಾಗಿ ಉಜ್ಬಾರ್ದು” ಎಂದರು.

ಆ ರಾತ್ರಿ ನಾನು ಓದಿದ್ದನ್ನು ಮೇಜು ಮುಟ್ಟುವ ಮುಂಚೆಯೇ ಓದಬೇಕಾಗಿತ್ತು. ಹಿಂದಿನ ಕಾಲದ ಎಣ್ಣೆ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಹೊಳೆಯುವ ಹಳದಿಗೆ ಮುಖ್ಯವಾಗಿ ಬಳಸುತ್ತಿದ್ದುದು ಸೀಸದ ಕ್ರೋಮೇಟು. ಅದಕ್ಕೆ ನೀಲಿ ಬೆರೆಸಿದರೆ ಹಸಿರು. ಅಮೆರಿಕದವರು ಮನೆಬಳಕೆಯ ಬಣ್ಣದಲ್ಲಿ ಇದನ್ನು 1978ರಲ್ಲೇ ತಡೆದರು. ನಮ್ಮಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂಬ ನಿಯಮ ಪ್ರಕಟವಾದದ್ದು 2016ರಲ್ಲಿ. ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ನಮ್ಮ ಮೇಜಿಗೆ ನವೆಂಬರ್ ಒಂದರೊಡನೆ ಅದೇನು ಋಣವೋ! ಸೀಸ ಮಕ್ಕಳ ಮೈಗೆ ದೊಡ್ಡವರಿಗಿಂತ ಹೆಚ್ಚಾಗಿ ಹತ್ತುತ್ತದೆ, ಬೆಳೆಯುವ ಮಿದುಳನ್ನು ಕೆಡಿಸುತ್ತದೆ, ಇಷ್ಟಿದ್ದರೆ ಅಪಾಯವಿಲ್ಲವೆಂಬ ಅಳತೆಯೇ ಅದಕ್ಕಿಲ್ಲ. ಓದಿ ದೀಪ ಆರಿಸಿದೆ, ನಿದ್ದೆ ಬರಲಿಲ್ಲ. ಪಕ್ಕದ ಕೋಣೆಯಲ್ಲಿ ಕೂಸು ನಿದ್ದೆಯಲ್ಲಿ ಕೆಮ್ಮಿದಾಗಲೆಲ್ಲ ಎದ್ದು ಕುಳಿತೆ. ಬೆಳಗ್ಗೆ ತಮ್ಮನಿಗೆ ಹೇಳುವುದು ನನ್ನ ಜೀವಮಾನದ ಯಾವ ಪಾಠಕ್ಕಿಂತಲೂ ಕಷ್ಟವಾಯಿತು. ಅವನು ಏನೂ ಅನ್ನಲಿಲ್ಲ. ಅವನ ಹೆಂಡತಿಯೂ ಏನೂ ಅನ್ನದೆ ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಅಂದೇ ಪೇಂಟ್ರಣ್ಣನ ಮನೆಗೆ ನಡೆದೆ. ಅವರು ಬಂದರು, ಆದರೆ ಕುಂಚ ಮುಟ್ಟಲಿಲ್ಲ. “ಶುರು ಮಾಡಿದೋರು ನೀವೇ ಮುಗಿಸಿ” ಎಂದು ಕುರ್ಚಿ ಹಾಕಿಸಿಕೊಂಡು ಕುಳಿತರು. ಅವರು ಹೇಳಿದಂತೆ ಪೊರಕೆ ಮುಟ್ಟದೆ ಒದ್ದೆ ಬಟ್ಟೆಯಿಂದ ಜಗಲಿಯನ್ನು ಮೂರು ಸಲ ಒರೆಸಿ, ಬಟ್ಟೆಯನ್ನು ಕಟ್ಟಿ ಎಸೆದೆ. ಗಟ್ಟಿಯಾಗಿ ಹಿಡಿದಿರುವ ಹಳೆಯ ಬಣ್ಣವನ್ನು ಕೆದಕಬಾರದು. ನೀರು ಹಾಕಿ ವಾಟರ್ ಪೇಪರಿನಲ್ಲಿ ಹೊಳಪು ಮಾತ್ರ ತೆಗೆದು ಅದರ ಮೇಲೆಯೇ ಹೊಸದನ್ನು ಹಾಕಬೇಕು. ಕುಟ್ಟೆಯ ತೂತುಗಳನ್ನು ಔಷಧ ಬಿಟ್ಟು ಪುಟ್ಟಿಯಿಂದ ಮುಚ್ಚಬೇಕು. ಹುಳು ಮೊಟ್ಟೆಯಿಡುವುದು ಬರಿಮರದ ರಂಧ್ರಗಳಲ್ಲಿ, ಬಣ್ಣ ಕೂತ ಮರದಲ್ಲಲ್ಲ. ಅಗ್ಗದ ಮರಕ್ಕೆ ಬಣ್ಣವೆಂದರೆ ಬರಿಯ ಸಿಂಗಾರವಲ್ಲ, ಆಯುಸ್ಸು. ಚನ್ನಪಟ್ಟಣದ ಗೊಂಬೆಯ ಹಾಲೆ ಮರವೇನು ತೇಗವೇ? ಅರಗಿನ ಬಣ್ಣ ಹತ್ತಿದ ಮೇಲಲ್ಲವೇ ಅದಕ್ಕೆ ಆ ಬೆಲೆ!

ಇಷ್ಟಾದರೂ ನಾನೊಂದು ತಪ್ಪು ಮಾಡಿದೆ. ಅವರು ಊಟಕ್ಕೆ ಹೋದಾಗ ಬೇಗ ಮುಗಿಯಲೆಂದು ಎನಾಮೆಲನ್ನು ದಪ್ಪಗೆ ಬಳಿದೆ. ಎಣ್ಣೆ ಬಣ್ಣ ಗಾಳಿಯನ್ನು ಹೀರಿ ಮೇಲಿನಿಂದ ಒಣಗುತ್ತದೆ. ದಪ್ಪವಾದರೆ ಮೇಲೆ ಕೆನೆ ಕಟ್ಟಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬೆಳಗಾಗುವಷ್ಟರಲ್ಲಿ ಮೇಜಿನ ಮುಖ ಮುದುಕನ ಕೆನ್ನೆಯಾಗಿತ್ತು. ಅದನ್ನೆಲ್ಲ ತೆಗೆದು, ಇನ್ನೊಂದು ಡಬ್ಬ ತಂದು, ತೆಳ್ಳಗೆ ಎರಡು ಕೈ ಕೊಟ್ಟ ಮೇಲೆ ಅವರು ತಲೆಯಾಡಿಸಿದರು.

ಹೊರಡುವ ಮುಂಚೆ ಸಾವಿರ ರೂಪಾಯಿ ಅವರ ಮುಂದಿಟ್ಟೆ. “ಕೈಯೇ ಮುಟ್ನಿಲ್ವಲ್ಲ ಮೇಷ್ಟ್ರೇ, ಬರೀ ಹೇಳ್ಕೊಟ್ಟಿದ್ಕೂ ದುಡ್ಡಾ?” ಎಂದರು. ಇಪ್ಪತ್ತು ವರ್ಷದಿಂದ ಬರೀ ಹೇಳಿಕೊಟ್ಟೇ ಸಂಬಳ ಎಣಿಸುತ್ತಿರುವ ನನಗೆ ಉತ್ತರ ಹೊಳೆಯಲಿಲ್ಲ. ಅವ್ವ ಹಣವನ್ನು ಅವರ ಜೇಬಿಗೆ ತುರುಕಿದಳು. ಕೂಸಿನ ರಕ್ತ ಪರೀಕ್ಷೆ ಮಾಡಿಸುತ್ತಿದ್ದೇವೆ, ನೀವೂ ಮಾಡಿಸಿಕೊಳ್ಳಿ ಎಂದೆ. “ನಲವತ್ತು ವರ್ಷ ಉಜ್ಜಿದ್ ಮೈ ಇದು, ಈಗೇನ್ ಹೊಸದಾಗಿ ನೋಡೋದು, ಬುಡಿ” ಎಂದು ನಕ್ಕು ಮೆಟ್ಟಿಲಿಳಿದರು. ಎರಡು ಸಾವಿರ ಹೆಚ್ಚಾಯಿತೆಂದು ನಾನು ಎಣಿಸಿದ್ದು ಆಗ ನೆನಪಾಯಿತು.

ಕೂಸಿನ ಪರೀಕ್ಷೆಯ ವರದಿಗೆ ಎಂಟು ದಿವಸ ಹಿಡಿಯಿತು. ಆ ಎಂಟು ದಿವಸ ಊರಿನಿಂದ ಫೋನು ಬಂದಾಗಲೆಲ್ಲ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಹೆದರುವಂಥದ್ದೇನೂ ಇಲ್ಲ, ಕೈ ತೊಳೆಸುತ್ತಿರಿ, ಚೆನ್ನಾಗಿ ಉಣ್ಣಿಸಿ ಎಂದರು ವೈದ್ಯರು.

ಈಗ ಲೆಕ್ಕ. ಬಣ್ಣ, ಕುಂಚ ಮೊದಲಾದ ಸಾಮಾನು 810, ಸುಕ್ಕಿನ ಪ್ರಾಯಶ್ಚಿತ್ತದ ಡಬ್ಬ 210, ಪೇಂಟ್ರಣ್ಣನಿಗೆ 1000, ಮೈಸೂರಿಗೆ ಟೆಂಪೋ 600, ರಕ್ತ ಪರೀಕ್ಷೆ 1900. ಒಟ್ಟು 4520. ಅಂಗಡಿಯ ಮೇಜಿಗಿಂತ 680 ರೂಪಾಯಿ ಲಾಭ. ನನ್ನ ಐದು ದಿವಸದ ಕೂಲಿ, ಎಂಟು ದಿವಸದ ಎದೆ ಬಡಿತ ಇದರಲ್ಲಿ ಸೇರಿಲ್ಲ. ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು: ಹೊಸ ಮರವಾದರೆ ಧಾರಾಳವಾಗಿ ನೀವೇ ಬಳಿಯಿರಿ. ಹಳೆಯ ಬಣ್ಣವಿದ್ದರೆ ಮಕ್ಕಳನ್ನು ದೂರವಿಡಿ, ನೀರಿಲ್ಲದೆ ಉಜ್ಜಬೇಡಿ, ಬಲ್ಲವರನ್ನು ಮೊದಲೇ ಕರೆಯಿರಿ. ಕರೆದ ಮೇಲೆ ಕೂಲಿಗೆ ಚೌಕಾಸಿ ಮಾಡಬೇಡಿ.

ಮೇಜು ಈಗ ಮಗಳ ಕೋಣೆಯಲ್ಲಿದೆ. ಬಣ್ಣದ ವಾಸನೆ ಹೋಗುವವರೆಗೆ ಅದರ ಬಳಿ ಸುಳಿಯೆನೆಂದು ಹದಿನೈದು ದಿವಸ ನೆಲದ ಮೇಲೆ ಕುಳಿತೇ ಓದಿದಳು.